ಸೇನಾ ದಾಖಲೆಯಲ್ಲಿ ಹೆಸರು ತಪ್ಪಿದ್ದರೆ ಯಾವ ಕಾಗದವನ್ನು ಮೊದಲು ತಿದ್ದಬೇಕು?

ಸೇನೆಯಲ್ಲಿ ನಾನು ಬಂದೂಕು ಹಿಡಿದದ್ದಕ್ಕಿಂತ ಪೆನ್ನು ಹಿಡಿದದ್ದೇ ಹೆಚ್ಚು. ಕ್ಲರ್ಕ್ ಆಗಿ ಭರ್ತಿಯಾದೆ, ಕೊನೆಯ ವರ್ಷಗಳನ್ನು ಸೈನಿಕರ ಸೇವಾ ದಾಖಲೆ ಇಡುವ ಒಂದು ರೆಕಾರ್ಡ್ ಆಫೀಸಿನಲ್ಲಿ ಕಳೆದೆ, ನಾಯಬ್ ಸುಬೇದಾರನಾಗಿ ಪಿಂಚಣಿ ಪಡೆದು ಧಾರವಾಡದ ಕಡೆಯ ನಮ್ಮ ಊರಿಗೆ ಬಂದೆ. ಸುತ್ತಲಿನ ಹಳ್ಳಿಗಳ ಮಾಜಿ ಸೈನಿಕರು, ಅವರಿಗಿಂತ ಹೆಚ್ಚಾಗಿ ಅವರ ಮನೆಯ ಹೆಣ್ಣುಮಕ್ಕಳು, ಪ್ಲಾಸ್ಟಿಕ್ ಚೀಲದಲ್ಲಿ ಕಾಗದಪತ್ರ ತುಂಬಿಕೊಂಡು ನನ್ನಲ್ಲಿಗೆ ಬರುತ್ತಾರೆ. ಬಹುಪಾಲು ದೂರು ಒಂದೇ: ಹೆಸರು ತಾಳೆಯಾಗುತ್ತಿಲ್ಲ.

ಮೊದಲು ಇದು ಅಷ್ಟು ದೊಡ್ಡ ತೊಂದರೆಯಾಗಿರಲಿಲ್ಲ. ಬ್ಯಾಂಕಿನವರಿಗೆ ಮನುಷ್ಯನ ಮುಖ ಗೊತ್ತಿತ್ತು. 2021ರಲ್ಲಿ ಸ್ಪರ್ಶ್ ಎಂಬ ಆನ್‌ಲೈನ್ ಪಿಂಚಣಿ ವ್ಯವಸ್ಥೆ ಶುರುವಾಗಿ, ಪಿಂಚಣಿ ಬ್ಯಾಂಕುಗಳ ಕೈಯಿಂದ ಪ್ರಯಾಗ್‌ರಾಜ್‌ನ ಲೆಕ್ಕಪತ್ರ ಕಚೇರಿಯ ಕಂಪ್ಯೂಟರಿಗೆ ವರ್ಗವಾಯಿತು. ಕಂಪ್ಯೂಟರಿಗೆ ಮುಖ ಗೊತ್ತಿಲ್ಲ, ಅಕ್ಷರ ಮಾತ್ರ ಗೊತ್ತು. ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶದಲ್ಲಿ) ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಇದ್ದರೆ ವರ್ಷಕ್ಕೊಮ್ಮೆ ಕೊಡುವ ಜೀವಂತ ಪ್ರಮಾಣಪತ್ರದಲ್ಲೇ ಅಡಚಣೆ ಶುರುವಾಗುತ್ತದೆ. ಮಕ್ಕಳಿಗೆ ಸಿಇಟಿಯಲ್ಲಿ ಮಾಜಿ ಸೈನಿಕರ ಕೋಟಾ ಕೇಳುವಾಗ, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡ್ ಮಾಡಿಸುವಾಗ, ಕುಟುಂಬ ಪಿಂಚಣಿಗೆ ಅರ್ಜಿ ಹಾಕುವಾಗ ಅದೇ ಅಡಚಣೆ ಮತ್ತೆ ಎದುರಾಗುತ್ತದೆ.

ಬಂದವರು ಸಾಮಾನ್ಯವಾಗಿ ಕೇಳುವುದು, "ಅಫಿಡವಿಟ್ ಎಲ್ಲಿ ಮಾಡಿಸಬೇಕು, ಸರ್?" ಅಫಿಡವಿಟ್ ಆಮೇಲಿನ ಮಾತು. ಯಾವ ಕಾಗದ ಸರಿ, ಯಾವುದು ತಪ್ಪು ಎಂಬುದು ಗೊತ್ತಾಗುವ ಮೊದಲೇ ಅಫಿಡವಿಟ್ ಮಾಡಿಸಿದವರು ಒಂದು ತಪ್ಪಿನ ಜಾಗದಲ್ಲಿ ಎರಡನ್ನು ತಂದುಕೊಳ್ಳುತ್ತಾರೆ.

ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ

ಡಿಸ್ಚಾರ್ಜ್ ಬುಕ್ (ಸೇನೆಯಿಂದ ಬಿಡುಗಡೆಯಾಗುವಾಗ ಕೊಡುವ ಪುಸ್ತಕ), ಹಳೆಯ ಪಿಪಿಒ, ಆಮೇಲೆ ಬಂದ ತಿದ್ದುಪಡಿ ಪಿಪಿಒಗಳು, ಸ್ಪರ್ಶ್‌ನ ಇ-ಪಿಪಿಒ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಶಾಲೆಯ ವರ್ಗಾವಣೆ ಪತ್ರ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಇಸಿಎಚ್‌ಎಸ್ ಕಾರ್ಡ್ ಎಲ್ಲವನ್ನೂ ಹರಡಿಕೊಂಡು ಕುಳಿತುಕೊಳ್ಳಿ. ಪ್ರತಿ ಕಾಗದದಲ್ಲಿ ನಿಮ್ಮ ಹೆಸರು, ತಂದೆಯ ಹೆಸರು, ಹೆಂಡತಿಯ ಹೆಸರು ಇಂಗ್ಲಿಷಿನಲ್ಲಿ ಹೇಗಿದೆ ಎಂದು ಅಕ್ಷರಕ್ಕಕ್ಷರ ಬರೆದುಕೊಳ್ಳಿ. ಓದಿ ಬರೆಯಬೇಡಿ, ನೋಡಿ ಬರೆಯಿರಿ. ಓದುವಾಗ ಕಣ್ಣು ತಾನೇ ತಪ್ಪನ್ನು ತಿದ್ದಿಕೊಂಡುಬಿಡುತ್ತದೆ. "ಬಸಪ್ಪ" ಎಂಬಲ್ಲಿ 'ಪಿ' ಒಂದೇ ಇದೆಯೋ ಎರಡಿವೆಯೋ ಎಂಬುದು ಓದಿದರೆ ತಿಳಿಯುವುದಿಲ್ಲ.

ತಪ್ಪು ಹುಟ್ಟುವುದು ಬಹುತೇಕ ಭರ್ತಿಯ ದಿನವೇ. ಹದಿನೆಂಟರ ಹುಡುಗ ಭಯದಲ್ಲಿ ಹೆಸರು ಹೇಳುತ್ತಾನೆ, ಬೇರೆ ರಾಜ್ಯದ ನನ್ನಂಥ ಒಬ್ಬ ಕ್ಲರ್ಕ್ ತನ್ನ ಕಿವಿಗೆ ಬಿದ್ದಂತೆ ಬರೆಯುತ್ತಾನೆ. ಬಸಪ್ಪ ಬಸಪನಾಗುತ್ತಾನೆ, ಹಳ್ಳಿ ಹಲಿಯಾಗುತ್ತದೆ. ನಮ್ಮ ಕಡೆ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು (ಮನೆತನದ ಹೆಸರು) ಎಂದು ಮೂರಿರುತ್ತವೆ. ಫಾರಮ್ಮಿನಲ್ಲಿ ಜಾಗ ಸಾಲದೆ ಅಡ್ಡಹೆಸರು ಬಿಟ್ಟುಹೋಗುತ್ತದೆ, ಇಲ್ಲವೇ ತಂದೆಯ ಹೆಸರೇ ಅಡ್ಡಹೆಸರಾಗಿ ಕೂರುತ್ತದೆ. ಮೈಸೂರು ಕಡೆಯವರಿಗೆ ಇನಿಷಿಯಲ್‌ಗಳ ಕಾಟ: ಶಾಲೆಯಲ್ಲಿ ಮುಂದೆ, ಸೇನೆಯಲ್ಲಿ ಹಿಂದೆ, ಆಧಾರ್‌ನಲ್ಲಿ ಬಿಡಿಸಿ ಬರೆದದ್ದು. ಕೊಡಗಿನವರಿಗೆ ಮನೆತನದ ಹೆಸರು ಮೊದಲು ಬರುತ್ತದೆ. ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ, ಜನರಲ್ ಕೆ. ಎಸ್. ತಿಮ್ಮಯ್ಯ ಇಬ್ಬರ ಮನೆತನದ ಹೆಸರೇ ಇಂಗ್ಲಿಷಿನಲ್ಲಿ ಒಂದು ಕಡೆ ಕೊಡಂದೇರ ಎಂದೂ ಇನ್ನೊಂದು ಕಡೆ ಕೊಡೆಂದೇರ ಎಂದೂ ಅಚ್ಚಾಗುತ್ತದೆ. ಅಂಥವರಿಗೇ ಹೀಗಾದರೆ ಸಿಪಾಯಿಯ ಗತಿ ಕೇಳಬೇಕೆ?

ಯಾವ ಕಾಗದ ಬಗ್ಗಬೇಕು?

ಸೇನೆಯಲ್ಲಿ ನಿಮ್ಮ ಹೆಸರಿನ ಮೂಲ ಇರುವುದು ಶೀಟ್ ರೋಲ್‌ನಲ್ಲಿ. ಭರ್ತಿಯ ದಿನ ತೆರೆಯುವ ಈ ಕಡತ ನಿಮ್ಮ ಜೊತೆ ಯೂನಿಟ್ಟಿನಿಂದ ಯೂನಿಟ್ಟಿಗೆ ಅಲೆದು, ನಿವೃತ್ತಿಯ ಮೇಲೆ ರೆಕಾರ್ಡ್ ಆಫೀಸಿನ ಕಪಾಟು ಸೇರುತ್ತದೆ. ಡಿಸ್ಚಾರ್ಜ್ ಬುಕ್ ಬರೆಯುವುದು ಅದನ್ನು ನೋಡಿ, ಪಿಪಿಒ ಹೊರಡುವುದು ಅದರಿಂದ, ಸ್ಪರ್ಶ್‌ಗೆ ಹೋದದ್ದು ಪಿಪಿಒದಿಂದ. ತಿದ್ದುವಾಗಲೂ ಇದೇ ಕ್ರಮ ಇರಬೇಕು. ಮೂಲದಲ್ಲಿ ತಪ್ಪನ್ನು ಬಿಟ್ಟು ಸ್ಪರ್ಶ್‌ನಲ್ಲಿ ಮಾತ್ರ ತಿದ್ದಿಸಲು ಹೋದರೆ ಅರ್ಜಿ ಸುತ್ತಿ ರೆಕಾರ್ಡ್ ಆಫೀಸಿಗೇ ಬಂದು ನಿಲ್ಲುತ್ತದೆ.

ಸೇನೆಯ ಎಲ್ಲ ಕಾಗದಗಳಲ್ಲಿ ಹೆಸರು ಒಂದೇ ಆಗಿದ್ದು, ಶಾಲೆಯ ದಾಖಲೆಗೂ ಹೊಂದುತ್ತಿದ್ದು, ಆಧಾರ್ ಮಾತ್ರ ಬೇರೆಯಾಗಿದ್ದರೆ ಸೇನೆಯ ಗೊಡವೆಗೇ ಹೋಗಬೇಡಿ. ಆಧಾರ್ ಕೇಂದ್ರಕ್ಕೆ ಹೋಗಿ ಅಲ್ಲಿ ತಿದ್ದಿಸಿ. ಪಿಂಚಣಿದಾರರ ಫೋಟೊ ಗುರುತಿನ ಚೀಟಿ, ಇಸಿಎಚ್‌ಎಸ್ ಕಾರ್ಡ್ ಎರಡನ್ನೂ ಅಲ್ಲಿ ಗುರುತಿನ ದಾಖಲೆಯಾಗಿ ಒಪ್ಪುತ್ತಾರೆ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಕಂಪ್ಯೂಟರಿನ ಮುಂದೆ ಕುಳಿತ ಹುಡುಗ ಟೈಪ್ ಮಾಡಿದ್ದನ್ನು ಒಪ್ಪಿಗೆ ಕೊಡುವ ಮೊದಲು ನಿಮ್ಮ ಹಾಳೆಯ ಜೊತೆ ಹೋಲಿಸಿ. ಅವನು ಅವಸರ ಮಾಡಿದರೂ ನೀವು ಮಾಡಬೇಡಿ.

ಡಿಸ್ಚಾರ್ಜ್ ಬುಕ್ಕಿನಲ್ಲಿ ಸರಿಯಿದ್ದು ಪಿಪಿಒದಲ್ಲಿ ಮಾತ್ರ ಅಕ್ಷರ ಜಾರಿದ್ದರೆ ಅದು ಟೈಪಿಸ್ಟನ ತಪ್ಪು, ನಿಮ್ಮದಲ್ಲ. ಡಿಸ್ಚಾರ್ಜ್ ಬುಕ್ಕಿನ ಪುಟಗಳ ದೃಢೀಕೃತ ಪ್ರತಿ ಇಟ್ಟು ರೆಕಾರ್ಡ್ ಆಫೀಸಿಗೆ ಒಂದು ಸರಳ ಅರ್ಜಿ ಬರೆಯಿರಿ. ಅವರು ಶೀಟ್ ರೋಲ್ ನೋಡಿ ತಿದ್ದುಪಡಿ ಪಿಪಿಒಗೆ ಬರೆಯುತ್ತಾರೆ. ಇಂಥದ್ದಕ್ಕೂ ಪತ್ರಿಕಾ ಜಾಹೀರಾತು, ಅಫಿಡವಿಟ್ ಎಂದು ಹಣ ಖರ್ಚು ಮಾಡಿಸುವ ಏಜೆಂಟರಿದ್ದಾರೆ. ಅವರಿಗೆ ದೂರದಿಂದಲೇ ನಮಸ್ಕಾರ ಹೇಳಿ.

ಮೂಲವೇ ತಪ್ಪಿದ್ದರೆ, ಅಂದರೆ ಅಂಕಪಟ್ಟಿಯಲ್ಲಿ ಒಂದು, ಶೀಟ್ ರೋಲ್‌ನಲ್ಲಿ ಇನ್ನೊಂದು ಇದ್ದರೆ, ಆಗ ಪೂರ್ಣ ಪ್ರಕ್ರಿಯೆಗೆ ಇಳಿಯಬೇಕು. ಶೀಟ್ ರೋಲ್‌ನಲ್ಲಿ ಏನಿದೆ ಎಂಬುದು ಖಚಿತವಿಲ್ಲದಿದ್ದರೆ ಮೊದಲು ಪತ್ರ ಬರೆದು ಕೇಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ನಿಮ್ಮದೇ ದಾಖಲೆಯ ಪ್ರತಿ ಕೇಳಿ. 30 ದಿನಗಳಲ್ಲಿ ಉತ್ತರಿಸಬೇಕು.

ಇನ್ನು, ನಿವೃತ್ತಿಯಾದ ಮೇಲೆ ಜ್ಯೋತಿಷಿಯ ಮಾತು ಕೇಳಿ ಹೆಸರು ಬದಲಿಸಿಕೊಂಡವರೂ ನನ್ನಲ್ಲಿಗೆ ಬಂದಿದ್ದಾರೆ. ಅವರಿಗೆ ನಾನು ಕೊಡುವ ಸಲಹೆ: ಮನೆಯ ಬಾಗಿಲ ಫಲಕದಲ್ಲಿ ಹೊಸ ಹೆಸರು ಬರೆಸಿಕೊಳ್ಳಿ, ಪಿಂಚಣಿಯನ್ನು ಹಳೆಯ ಹೆಸರಿಗೇ ಬಿಡಿ.

ಅರ್ಜಿ ಎಲ್ಲಿಗೆ?

ರೆಕಾರ್ಡ್ ಆಫೀಸ್ ನಿಮ್ಮ ಊರಿನ ಮೇಲೆ ತೀರ್ಮಾನವಾಗುವುದಿಲ್ಲ, ರೆಜಿಮೆಂಟಿನ ಮೇಲೆ ತೀರ್ಮಾನವಾಗುತ್ತದೆ. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ಮದ್ರಾಸ್ ರೆಜಿಮೆಂಟಿನವರಿಗೆ ನೀಲಗಿರಿಯ ವೆಲ್ಲಿಂಗ್ಟನ್, ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಎಂಇಜಿಯವರಿಗೆ ಬೆಂಗಳೂರು, ತೋಪಖಾನೆಯವರಿಗೆ ನಾಸಿಕ್ ರೋಡ್, ಸಿಗ್ನಲ್ಸ್‌ನವರಿಗೆ ಜಬಲ್ಪುರ, ಯಂತ್ರ ದುರಸ್ತಿಯ ಇಎಂಇ ಕೋರ್‌ನವರಿಗೆ ಸಿಕಂದರಾಬಾದ್, ಮೆಡಿಕಲ್ ಕೋರ್‌ನವರಿಗೆ ಲಕ್ನೋ. ವಾಯುಪಡೆಯ ಏರ್‌ಮನ್‌ಗಳ ದಾಖಲೆ ದೆಹಲಿಯ ಸುಬ್ರೊತೊ ಪಾರ್ಕ್‌ನಲ್ಲಿ, ನೌಕಾಪಡೆಯ ನಾವಿಕರದು ಮುಂಬೈಯ ಮಾನ್‌ಖುರ್ದ್‌ನಲ್ಲಿ. ಭೂಸೇನೆಯ ಅಧಿಕಾರಿಗಳದು ದೆಹಲಿಯ ಸೇನಾ ಮುಖ್ಯಾಲಯದ ಅಡ್ಜುಟಂಟ್ ಜನರಲ್ ಶಾಖೆಯ ಕೆಲಸ.

ಪಿಂಚಣಿಯ ನಂತರ ಡಿಎಸ್‌ಸಿಗೆ (ಡಿಫೆನ್ಸ್ ಸೆಕ್ಯುರಿಟಿ ಕೋರ್) ಸೇರಿ ಎರಡನೆಯ ಸಲ ಸಮವಸ್ತ್ರ ತೊಟ್ಟವರು ಇಲ್ಲಿ ಎಡವುತ್ತಾರೆ. ಅವರ ಎರಡನೆಯ ಸೇವೆಯ ದಾಖಲೆ ಕೇರಳದ ಕಣ್ಣೂರಿನಲ್ಲಿ ಇರುತ್ತದೆ. ಎರಡೂ ಸೇವೆಗಳಿಗೆ ಬೇರೆ ಬೇರೆ ಪಿಂಚಣಿ ಇದ್ದರೆ ಎರಡು ಕಚೇರಿಗಳಿಗೂ ಬರೆಯಬೇಕು. ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆಗೆ ತಾನಾಗಿ ಹೋಗುವುದಿಲ್ಲ.

ಅರ್ಜಿಯನ್ನು ನೇರವಾಗಿ ಕಳಿಸಬಹುದು. ಆದರೂ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ, ನಮ್ಮವರು ಸೈನಿಕ ಬೋರ್ಡ್ ಎನ್ನುವುದು, ಅದರ ಮೂಲಕ ಹೋದರೆ ಒಳ್ಳೆಯದು. ಅಲ್ಲಿಯವರು ಮೂಲ ದಾಖಲೆಗಳನ್ನು ನೋಡಿ, ಪ್ರತಿಗಳಿಗೆ ಸಹಿ ಮೊಹರು ಹಾಕಿ, ಮೇಲ್ಪತ್ರದೊಂದಿಗೆ ಕಳಿಸುತ್ತಾರೆ. ಮೊಹರು ಇರುವ ಕಡತವನ್ನು ರೆಕಾರ್ಡ್ ಆಫೀಸಿನ ಕ್ಲರ್ಕ್ ಸುಲಭಕ್ಕೆ ಹಿಂದಿರುಗಿಸುವುದಿಲ್ಲ. ನಾನೂ ಹಿಂದಿರುಗಿಸುತ್ತಿರಲಿಲ್ಲ.

ಪೂರ್ಣ ಪ್ರಕ್ರಿಯೆಗೆ ಬೇಕಾದದ್ದು

ಅಫಿಡವಿಟ್ಟನ್ನು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ ಮಾಡಿಸಿ. ನೋಟರಿಯವರದನ್ನು ಕೆಲವು ಕಚೇರಿಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಎರಡನೆಯ ಸಲ ಓಡಾಡುವುದಕ್ಕಿಂತ ಮೊದಲೇ ಕೋರ್ಟಿಗೆ ಹೋಗುವುದು ಅಗ್ಗ. ಅದರಲ್ಲಿ ಏನಿರಬೇಕು ಎಂಬುದನ್ನು ಸ್ಟ್ಯಾಂಪ್ ಕಾಗದ ಬರೆಯುವವರಿಗೆ ಬಿಟ್ಟುಕೊಡಬೇಡಿ. ನಾನು ಬರೆಸುವ ಒಕ್ಕಣೆ ಹೀಗಿರುತ್ತದೆ:

"ನಾನು, ಸೇನಾ ಸಂಖ್ಯೆ ಇಷ್ಟು, ಹುದ್ದೆ ಇಂಥದು, ಇಂಥ ರೆಜಿಮೆಂಟಿನಿಂದ ಇಂಥ ದಿನ ಬಿಡುಗಡೆಯಾದವನು, ಪ್ರಮಾಣ ಮಾಡಿ ಹೇಳುವುದೇನೆಂದರೆ: ನನ್ನ ಶಾಲಾ ದಾಖಲೆ, ಆಧಾರ್ ಮತ್ತು ಪ್ಯಾನ್‌ನಲ್ಲಿ ನನ್ನ ಹೆಸರು ಹೀಗಿದೆ. ನನ್ನ ಸೇನಾ ದಾಖಲೆ ಹಾಗೂ ಪಿಪಿಒದಲ್ಲಿ ಹೀಗೆ ತಪ್ಪಾಗಿ ದಾಖಲಾಗಿದೆ. ಈ ಎರಡೂ ಹೆಸರುಗಳು ಒಬ್ಬನೇ ವ್ಯಕ್ತಿಯಾದ ನನ್ನವೇ. ಇನ್ನು ಮುಂದೆ ಎಲ್ಲ ಕಡೆ ಮೊದಲನೆಯ ಹೆಸರನ್ನೇ ಬಳಸಬೇಕು."

ಕೆಳಗೆ ತಂದೆಯ ಹೆಸರು, ವಿಳಾಸ, ಸಹಿ. ಸೇನೆಗೆ ಕಳಿಸುವ ಪ್ರತಿ ಇಂಗ್ಲಿಷಿನಲ್ಲಿರಲಿ, ಎರಡೂ ಹೆಸರುಗಳನ್ನು ದೊಡ್ಡ ಅಕ್ಷರಗಳಲ್ಲಿ ಟೈಪ್ ಮಾಡಿಸಿ. ಸಹಿಯ ವಿಷಯದಲ್ಲೂ ಎಚ್ಚರ ಬೇಕು: ಡಿಸ್ಚಾರ್ಜ್ ಬುಕ್ಕಿನಲ್ಲಿ ಕನ್ನಡದ ಸಹಿ ಇದ್ದರೆ ಇಲ್ಲಿಯೂ ಕನ್ನಡದಲ್ಲೇ ಮಾಡಿ. ಮೊಮ್ಮಗ ಕಲಿಸಿದ ಇಂಗ್ಲಿಷ್ ಸಹಿಯನ್ನು ತೋರಿಸುವ ಜಾಗ ಇದಲ್ಲ.

ಪತ್ರಿಕೆಯಲ್ಲಿ ಜಾಹೀರಾತು ಸಾಮಾನ್ಯವಾಗಿ ಎರಡು ಕಡೆ ಬೇಕಾಗುತ್ತದೆ, ಒಂದು ಇಂಗ್ಲಿಷಿನದು, ಒಂದು ಸ್ಥಳೀಯ ಭಾಷೆಯದು. ಮೂರ್ನಾಲ್ಕು ಸಾಲು ಸಾಕು. ಆದರೆ ಸೇನಾ ಸಂಖ್ಯೆ, ಎರಡೂ ಹೆಸರು, ಅಫಿಡವಿಟ್ಟಿನ ದಿನಾಂಕ ಬಿಡಬೇಡಿ. ಜಾಹೀರಾತು ಬಂದ ದಿನ ಪತ್ರಿಕೆಯ ಕೆಲವು ಪ್ರತಿಗಳನ್ನು ಕೊಂಡಿಡಿ. ಚೌಕ ಕತ್ತರಿಸಿ ಕಳಿಸುವವರೇ ಹೆಚ್ಚು. ಪತ್ರಿಕೆಯ ಹೆಸರು, ದಿನಾಂಕ ಕಾಣುವ ಇಡೀ ಪುಟ ಕಳಿಸಬೇಕು. ಹೆಸರು ಪೂರ್ತಿ ಬದಲಾಗುವ ಪ್ರಕರಣಗಳಲ್ಲಿ ಭಾರತದ ರಾಜಪತ್ರದ ಅಧಿಸೂಚನೆಯನ್ನೂ ಕೇಳಬಹುದು. ಒಂದೆರಡು ಅಕ್ಷರದ ತಿದ್ದುಪಡಿಗೆ ಅವರು ಕೇಳುವ ಮೊದಲೇ ಅದರ ಹಿಂದೆ ಹೋಗಬೇಡಿ.

ಇವುಗಳ ಜೊತೆ ಶಾಲಾ ದಾಖಲೆ, ಆಧಾರ್, ಪ್ಯಾನ್, ಡಿಸ್ಚಾರ್ಜ್ ಬುಕ್, ಪಿಪಿಒ ಇವುಗಳ ದೃಢೀಕೃತ ಪ್ರತಿಗಳು. ಮೂಲ ಡಿಸ್ಚಾರ್ಜ್ ಬುಕ್ಕನ್ನು ಅಂಚೆಗೆ ಹಾಕಬೇಡಿ. ಅದರಲ್ಲಿ ಪೆನ್ನಿನಿಂದ ನೀವೇ ತಿದ್ದುವ ಕೆಲಸವಂತೂ ಬೇಡವೇ ಬೇಡ. ಒಂದು 'ಪಿ' ಸೇರಿಸಿದ ಗುರುತು ಕಂಡರೂ ಇಡೀ ಪುಸ್ತಕದ ಮೇಲೆ ಅನುಮಾನ ಬರುತ್ತದೆ. ಕಚೇರಿ ಮೂಲ ಪುಸ್ತಕವನ್ನೇ ಕೇಳಿದರೆ ಸಾಧ್ಯವಾದಷ್ಟೂ ಸ್ವತಃ ಹೋಗಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಜನ್ಮದಿನಾಂಕದ ತಪ್ಪನ್ನು ಇದೇ ಅರ್ಜಿಗೆ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ಸೇರಿಸಬೇಡಿ. ಸೇವೆಯ ಕೊನೆಗಾಲದಲ್ಲಿ ಜನ್ಮದಿನಾಂಕ ಬದಲಿಸಲು ಬರುವ ಕೋರಿಕೆಗಳನ್ನು ಕೋರ್ಟುಗಳೇ ಪುರಸ್ಕರಿಸುವುದಿಲ್ಲ, ನಿವೃತ್ತಿಯ ನಂತರ ಕೇಳಿದರಂತೂ ಅನುಮಾನವೇ ಮೊದಲು. ಹೆಸರಿನ ಸರಳ ಅರ್ಜಿ ಆ ಭಾರಕ್ಕೆ ಕೂಡಿ ಮುಳುಗುತ್ತದೆ. ದಿನಾಂಕದ ತಪ್ಪು ಆಧಾರ್‌ನಲ್ಲಿದ್ದರೆ ಆಧಾರನ್ನೇ ತಿದ್ದಿಸಿ.

ಹೆಂಡತಿಯ ಹೆಸರು

ನನ್ನಲ್ಲಿಗೆ ಬರುವ ಚೀಲಗಳಲ್ಲಿ ಹೆಚ್ಚಿನವುಗಳ ಒಳಗಿರುವುದು ಇದೇ ಗಂಟು. ಮದುವೆಯಾದ ಹೊಸತರಲ್ಲಿ ಸಿಪಾಯಿ ಯಾವುದೋ ಗಡಿಯಲ್ಲಿರುತ್ತಾನೆ. ಪಂಚಾಯಿತಿಯಿಂದ ಮದುವೆಯ ಕಾಗದ ತರಿಸಿ ಯೂನಿಟ್ಟಿಗೆ ಕೊಡುತ್ತಾನೆ, ಅದರಿಂದ ಪಾರ್ಟ್ ಟೂ ಆರ್ಡರ್, ಅಂದರೆ ಮದುವೆ, ಮಕ್ಕಳು ಮುಂತಾದವನ್ನು ಸೇವಾ ದಾಖಲೆಗೆ ಸೇರಿಸುವ ಆದೇಶ, ಹೊರಡುತ್ತದೆ. ಅದರಲ್ಲಿ ಗಂಗವ್ವ. ತವರಿನ ಶಾಲೆಯ ದಾಖಲೆಯಲ್ಲಿ ಗಂಗಾ. ಆಧಾರ್ ಮಾಡಿಸುವ ಹೊತ್ತಿಗೆ ಗಂಗಮ್ಮ, ಜೊತೆಗೆ ಗಂಡನ ಅಡ್ಡಹೆಸರು. ನಮ್ಮ ಕಡೆಯ ಕೆಲವು ಮನೆತನಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವ ಪದ್ಧತಿಯೂ ಉಂಟು. ಆಗ ಗಂಗವ್ವ ಲಕ್ಷ್ಮೀಬಾಯಿಯೇ ಆಗಿಬಿಡುತ್ತಾಳೆ.

ಗಂಡ ಬದುಕಿರುವವರೆಗೆ ಇದರಿಂದ ಯಾರಿಗೂ ತೊಂದರೆಯಿಲ್ಲ, ಆದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅವನು ಹೋದ ಮೇಲೆ ಪಿಪಿಒದಲ್ಲಿ ಕುಟುಂಬ ಪಿಂಚಣಿಗೆ ಅರ್ಹಳು ಎಂದು ಬರೆದಿರುವ ಗಂಗವ್ವ ತಾನೇ ಎಂದು ಗಂಗಮ್ಮ ಸಾಬೀತು ಮಾಡಬೇಕು. ಇಬ್ಬರೂ ಇರುವಾಗ ಗಂಡನ ಒಂದು ಸಹಿಯಿಂದ ಸಾಗುವ ಕೆಲಸಕ್ಕೆ ಆಗ ನಾಡಕಚೇರಿಯ ವಂಶವೃಕ್ಷ, ಸಾಕ್ಷಿಗಳ ಹೇಳಿಕೆ, ಸೈನಿಕ ಬೋರ್ಡಿನ ವಿಚಾರಣೆ ಎಲ್ಲವೂ ಬೇಕಾಗುತ್ತವೆ. ಸ್ವಂತ ಹೆಸರಿನಲ್ಲಿ ತಪ್ಪಿಲ್ಲದವರು ಕೂಡ ಇವತ್ತೇ ಪಿಪಿಒ ತೆಗೆದು ಹೆಂಡತಿಯ ಹೆಸರು ನೋಡಬೇಕು ಎಂದು ನಾನು ಗಂಟಲು ಹರಿದುಕೊಳ್ಳುವುದು ಇದಕ್ಕೇ.

ಕಾಗದಗಳು ಹೆಚ್ಚುಕಡಿಮೆ ಅವೇ: ಪಿಂಚಣಿದಾರನ ಅರ್ಜಿ, ಗಂಡ ಹೆಂಡತಿ ಇಬ್ಬರ ಅಫಿಡವಿಟ್, ಜಾಹೀರಾತು, ಹೆಂಡತಿಯ ಆಧಾರ್, ಶಾಲಾ ದಾಖಲೆ ಇದ್ದರೆ ಅದು, ಮತ್ತು ಇಬ್ಬರೂ ಒಟ್ಟಿಗೆ ಇರುವ, ದೃಢೀಕರಿಸಿದ ಜಂಟಿ ಫೋಟೊ. ಮೂರು ಕಡೆ ಮೂರು ಹೆಸರಿದ್ದರೆ ಅಫಿಡವಿಟ್ಟಿನಲ್ಲಿ ಮೂರನ್ನೂ ಬರೆಯಿರಿ. ನಾಚಿಕೆಯಿಂದ ಒಂದನ್ನು ಮುಚ್ಚಿಟ್ಟರೆ ಅದೇ ಮುಂದೆ ಎದುರು ನಿಲ್ಲುತ್ತದೆ. ರೆಕಾರ್ಡ್ ಆಫೀಸ್ ಒಪ್ಪಿದರೆ ಹೊಸ ಹೆಸರು ಮೊದಲು ಸೇವಾ ದಾಖಲೆಗೆ ಸೇರುತ್ತದೆ, ಆಮೇಲೆ ಪಿಪಿಒ ತಿದ್ದುಪಡಿಯಾಗುತ್ತದೆ.

ಮಕ್ಕಳ ಹೆಸರಿಗೂ ಇದೇ ದಾರಿ. ಮಗಳನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರೇ ಪಾರ್ಟ್ ಟೂ ಆರ್ಡರ್ ಸೇರಿ, ಅಂಕಪಟ್ಟಿಯಲ್ಲಿ ಬೇರೆಯಿದ್ದರೆ ಅವಳು ಹತ್ತನೆಯ ತರಗತಿ ಮುಗಿಸಿದ ಬೇಸಿಗೆಯಲ್ಲೇ ತಿದ್ದಿಸಿ. ಸಿಇಟಿಯ ದಾಖಲೆ ಪರಿಶೀಲನೆಯ ಹಿಂದಿನ ವಾರ ನನ್ನಲ್ಲಿಗೆ ಓಡಿ ಬಂದರೆ ನಾನೇನೂ ಮಾಡಲಾರೆ.

ದುಃಖದ ಮನೆಯಲ್ಲಿ ಯಾರಿಗೂ ನೆನಪಾಗದ ಒಂದು ಮಾತು ಉಂಟು. ಮಾಜಿ ಸೈನಿಕರು ತೀರಿಕೊಂಡಾಗ ಮರಣ ನೋಂದಣಿಗೆ ಹೋಗುವವರ ಕೈಯಲ್ಲಿ ಪಿಪಿಒದ ಪ್ರತಿ ಕೊಟ್ಟು ಕಳಿಸಿ. ಊರಲ್ಲಿ ಎಲ್ಲರೂ ಕರೆಯುತ್ತಿದ್ದ ಹೆಸರನ್ನು ಬರೆಸಿ ಬಂದರೆ ಕುಟುಂಬ ಪಿಂಚಣಿಯ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಬರೆಸಿ ಆಗಿದ್ದರೆ ಜನನ ಮರಣ ನೋಂದಣಿ ಕಾಯ್ದೆಯ 15ನೆಯ ಕಲಮಿನಡಿ ನೋಂದಣಾಧಿಕಾರಿಗೆ ತಿದ್ದುವ ಅಧಿಕಾರವಿದೆ, ಪುರಾವೆಗಳೊಂದಿಗೆ ಅವರನ್ನು ಕೇಳಿ.

ಕಳಿಸಿದ ಮೇಲೆ

ಪೂರ್ಣ ಕಡತದ ಒಂದು ಜೆರಾಕ್ಸ್ ಮನೆಯಲ್ಲಿರಲಿ, ಸ್ಪೀಡ್ ಪೋಸ್ಟ್ ರಸೀದಿ ಅದಕ್ಕೆ ಪಿನ್ ಆಗಿರಲಿ. ಕಚೇರಿಯಿಂದ ಬಂದ ಪ್ರತಿ ಪತ್ರದ ಮೇಲಿನ ಉಲ್ಲೇಖ ಸಂಖ್ಯೆಯನ್ನು ನಿಮ್ಮ ಮುಂದಿನ ಪತ್ರದಲ್ಲಿ ಬರೆಯಿರಿ. ಇಲ್ಲದಿದ್ದರೆ ನಿಮ್ಮ ಕಾಗದ ಹೊಸ ಕಡತವಾಗಿ ಬೇರೆ ಮೇಜಿಗೆ ಹೋಗಿ ಮಲಗುತ್ತದೆ. ಆಕ್ಷೇಪಣೆ ಬಂದರೆ ಬೇಸರಪಡಬೇಡಿ. ಕಡತ ಯಾರದೋ ಕಣ್ಣಿಗೆ ಬಿದ್ದಿದೆ ಎಂದು ಅರ್ಥ. ಅವರು ಕೇಳಿದ್ದಷ್ಟನ್ನೇ ಕಳಿಸಿ, ಮತ್ತೆ ಎಲ್ಲವನ್ನೂ ಕಳಿಸಬೇಡಿ.

ಸುಮ್ಮನಿದ್ದರೆ ಜ್ಞಾಪನ ಪತ್ರ. ಅದಕ್ಕೂ ಉತ್ತರವಿಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿಯಲ್ಲಿ "ಇಂಥ ದಿನಾಂಕದ ನನ್ನ ಅರ್ಜಿಯ ಮೇಲೆ ಈವರೆಗೆ ಕೈಗೊಂಡ ಕ್ರಮದ ಕಡತದ ಪ್ರತಿ ಕೊಡಿ" ಎಂದು ಕೇಳಿ. ಯಾಕೆ ತಡ ಎಂದು ಜಗಳವಾಡುವುದಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ. ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ದೂರು ವ್ಯವಸ್ಥೆಯೂ ಇದೆ. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಟ್ಟಕಡೆಯ ಬಾಗಿಲು. ಹೆಸರಿನ ಪ್ರಕರಣ ಅಲ್ಲಿಯವರೆಗೆ ಹೋಗುವುದು ಅಪರೂಪ.

ಪಿಂಚಣಿಯಿಲ್ಲದೆ ಬಿಡುಗಡೆಯಾದವರು ಮಾತ್ರ ಅವಸರ ಮಾಡಬೇಕು. ಅವರ ಕಡತಗಳನ್ನು 25 ವರ್ಷಗಳ ನಂತರ ನಾಶ ಮಾಡುವ ನಿಯಮವಿದೆ. ಆಮೇಲೆ ಉಳಿಯುವುದು ಲಾಂಗ್ ರೋಲ್ ಎಂಬ ರಿಜಿಸ್ಟರಿನ ಸಂಕ್ಷಿಪ್ತ ವಿವರ ಮಾತ್ರ. ಅಂಥವರ ಮನೆಯಲ್ಲಿರುವ ಡಿಸ್ಚಾರ್ಜ್ ಬುಕ್ಕೇ ಬಲವಾದ ಪುರಾವೆ, ಗೆದ್ದಲು ಹಿಡಿಯದಂತೆ ನೋಡಿಕೊಳ್ಳಿ.

ತಿದ್ದುಪಡಿ ಪಿಪಿಒ ಕೈಗೆ ಬಂದ ದಿನ ಸಿಹಿ ಹಂಚುವ ಮೊದಲು ಹೆಸರನ್ನು ಮತ್ತೆ ಅಕ್ಷರಕ್ಕಕ್ಷರ ನೋಡಿ. ತಿದ್ದುಪಡಿಯಲ್ಲೇ ಹೊಸ ತಪ್ಪು ಬಂದದ್ದನ್ನು ನಾನು ಕಂಡಿದ್ದೇನೆ. ಸರಿಯಿದ್ದರೆ ಸ್ಪರ್ಶ್‌ಗೆ ಲಾಗಿನ್ ಆಗಿ ಪ್ರೊಫೈಲ್‌ನಲ್ಲಿ ಹೊಸ ಹೆಸರು ಬಂದಿದೆಯೇ ಎಂದು ನೋಡಿ. ಮೊಬೈಲಿನಲ್ಲಿ ನೋಡಲು ಬರದವರು ಸಿಎಸ್‌ಸಿಗೆ (ಸಾಮಾನ್ಯ ಸೇವಾ ಕೇಂದ್ರಕ್ಕೆ) ಹೋಗಬಹುದು. ಅದರ ನಂತರ ಬ್ಯಾಂಕಿನ ಕೆವೈಸಿ, ಕೊನೆಗೆ ಇಸಿಎಚ್‌ಎಸ್ ಕಾರ್ಡ್. ಕಾರ್ಡನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ: ಅದರ ಅರ್ಜಿಯ ಜೊತೆ ಪಿಪಿಒ, ಆಧಾರ್ ಎರಡನ್ನೂ ಇಡಬೇಕಾಗುತ್ತದೆ, ಆ ಹೊತ್ತಿಗೆ ಎರಡರಲ್ಲೂ ಹೆಸರು ಒಂದೇ ಆಗಿರಬೇಕು. ಹೊಸ ಕಾರ್ಡ್ ಬರುವವರೆಗೆ ಹಳೆಯದನ್ನು ಯಾರಿಗೂ ಒಪ್ಪಿಸಬೇಡಿ, ನಡುವೆ ಆಸ್ಪತ್ರೆಯ ಅಗತ್ಯ ಬಿದ್ದರೆ ಅದೇ ಬೇಕಾಗುತ್ತದೆ.